ಸಿನಿಮಾದ ಗೇಮ್ ಯಾಕ ಕೆಡ್ತದ, ಗೇಮಿನ ಸಿನಿಮಾ ಯಾಕ ಸುಧಾರಿಸ್ತು? ಹುಮನಾಬಾದದ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಸರ್ ನಮಸ್ಕಾರ. ನಮ್ದು ಹುಮನಾಬಾದ. ಕಾಲೇಜ್ ರೋಡಿಗೆ ಒಂದು ಸಣ್ಣ ಗೇಮಿಂಗ್ ಅಂಗಡಿ ಇಟ್ಕೊಂಡೀನಿ, ಟಿವಿಗೆ ಹಚ್ಚಿ ಆಡೋ ಸೋನಿ ಗೇಮ್ ಮಶಿನ್ ಅವ, ಪಿಎಸ್4 ಮೂರು, ಪಿಎಸ್5 ಒಂದು. ಹುಡುಗ್ರು ಸಿನಿಮಾ ನೋಡ್ಕೊಂಡು ಬಂದು ಅದೇ ಹೀರೋಂದು ಗೇಮ್ ಹಾಕ್ರಿ ಅಂತಾರ. ಹಂಗ ಕೇಳಿದ್ರು ಅಂತ ನಾಕೈದು ಸೆಕೆಂಡ್ ಹ್ಯಾಂಡ್ ಡಿಸ್ಕ್ ತಂದೆ, ಹತ್ತು ನಿಮಿಷಕ್ಕ ಬ್ಯಾಸರಾಗಿ ಮತ್ತ ಕ್ರಿಕೆಟ್ಟು ಫುಟ್ಬಾಲಿಗೇ ಹೋದ್ರು. ಅದೊಂದು. ಇನ್ನೊಂದು ದೊಡ್ಡ ವಿಷಯ ಏನಂದ್ರ ನನ್ನ ತಮ್ಮ ಕಲಬುರಗಿಯಾಗ ಬಿಸಿಎ ಮುಗಿಸ್ಯಾನ, ಗೇಮ್ ಮಾಡೋ ಯೂನಿಟಿ ಸಾಫ್ಟ್‌ವೇರ್ ಛಲೋ ಬರ್ತದ ಅವನಿಗಿ. ನಮ್ಮ ಪರಿಚಯದವರೊಬ್ಬರು ಸಣ್ಣ ಬಜೆಟ್ ಸಿನಿಮಾ ಮಾಡ್ಯಾರ, ನಾಕು ತಿಂಗಳಿಗೆ ರಿಲೀಸ್. ಅದರ ಹೆಸರ ಮ್ಯಾಲ ಒಂದು ಮೊಬೈಲ್ ಗೇಮ್ ಮಾಡ್ರಿ, ಎರಡೂವರೆ ಲಕ್ಷ ನೀವೇ ಹಾಕ್ರಿ, ಲಾಭದಾಗ ಅರ್ಧ ನಿಮ್ದು ಅಂತಾರ. ನಮ್ಮ ಮಾವ ಕಂಪ್ಯೂಟರ್ ಅಂಗಡಿ ನಡಿಸಿದವ್ರು, ಸಿನಿಮಾದ ಗೇಮ್ ಎಂದೂ ಉದ್ಧಾರ ಆಗಿಲ್ಲ ಅಂತಾರ. ತಮ್ಮ ಕಾಲ ಬದಲಾಗ್ಯದ, ಮಾರಿಯೋ ನೋಡು ಅಂತಾನ. ಯಾರ ಮಾತು ಖರೇ? ರೊಕ್ಕ ಹಾಕ್ಲೋ ಬ್ಯಾಡೋ?

ಉತ್ತರ: ನಿಮ್ಮ ಚಿಂತಿ ಎರಡೂವರೆ ಲಕ್ಷದ್ದು ಅಂತ ಗೊತ್ತದ, ಅದಕ್ಕ ಬರ್ತೀನಿ, ಆದ್ರ ಅಲ್ಲಿಗೆ ಹೋಗಬೇಕಂದ್ರ ಮಾವಂದೂ ತಮ್ಮಂದೂ ಮಾತು ಬಿಡಿಸಿ ನೋಡ್ಬೇಕು, ಯಾಕಂದ್ರ ಇಬ್ಬರ ಮಾತಿನಾಗೂ ಅರ್ಧ ಖರೇ ಅದ, ಅರ್ಧ ಕೇಳಿದ ಮಾತು ಅದ. ನಾ ಕಲಬುರಗಿಯಂವ, ಹೈದರಾಬಾದು ಬೆಂಗಳೂರು ಸೇರಿ ಹದಿಮೂರು ವರ್ಷ ಗೇಮ್ ಸ್ಟುಡಿಯೋದಾಗ ದುಡ್ದೀನಿ, ಮೊದಲ ಟೆಸ್ಟರ್ ಆಗಿ, ಆಮ್ಯಾಲ ಪ್ರೊಡ್ಯೂಸರ್ ಆಗಿ. ಸಿನಿಮಾದ ಹೆಸರಿನ ಗೇಮ್ ಎರಡು ನನ್ನ ಕೈಯಿಂದ ಹಾದು ಹೋಗ್ಯಾವ. ನಾ ಕಂಡಂಗ ಸಿನಿಮಾದಿಂದ ಬಂದದ್ದಕ್ಕ ಗೇಮ್ ಕೆಡಲ್ಲ, ಸಿನಿಮಾದ ರಿಲೀಸ್ ತಾರೀಖಿಗೆ ಕಟ್ಟಿ ಹಾಕ್ತಾರಲ್ಲ, ಅದಕ್ಕ ಕೆಡ್ತದ.

ನಿಮ್ಮ ಮಾವ ಹೇಳೋದು ಎಲ್ಲಿಂದ ಬಂತು ಅಂತ ಮೊದಲ ನೋಡೋಣ. 1982ರಾಗ ಅಮೆರಿಕದಾಗ ‘ಇ.ಟಿ.’ ಸಿನಿಮಾ ಬಂತು, ಮಂದಿ ಹುಚ್ಚೆದ್ದು ನೋಡಿದ್ರು, ಗೇಮ್ ಮಶಿನ್ ಮಾಡ್ತಿದ್ದ ಅಟಾರಿ ಕಂಪನಿ ಅದರ ಗೇಮ್ ಮಾಡೋ ಹಕ್ಕು ಕೊಂಡ್ಕೊಂತು, 2 ಕೋಟಿ ಡಾಲರಿಗಿ ಕಡಿಮಿ ಇಲ್ಲದಂಗ ಕೊಟ್ಟಿತ್ತು ಅಂತ ಆವಾಗಿಂದ ಹೇಳ್ಕೋತ ಬಂದಾರ. ಮಾತುಕತಿ ಮುಗಿಯೋದ್ರೊಳಗ ಜುಲೈ ಕಡಿಗಿ ಬಂದಿತ್ತು, ಕ್ರಿಸ್‌ಮಸ್ ಟೈಮಿಗೆ ಅಂಗಡ್ಯಾಗ ಇರ್ಬೇಕಂದ್ರ ಸಪ್ಟೆಂಬರ್ ಶುರುವಿಗೇ ಗೇಮ್ ಕೈಯಾಗ ಬೇಕು. ಹೋವರ್ಡ್ ಸ್ಕಾಟ್ ವಾರ್ಶಾ ಅನ್ನೋ ಒಬ್ಬನೇ ಪ್ರೋಗ್ರಾಮರ್ ಸುಮಾರು ಐದು ವಾರದಾಗ ಅದನ್ನ ಮಾಡಿ ಮುಗಿಸಿದ. ಆಡೋ ಮಂದಿ ಗುಂಡ್ಯಾಗ ಬೀಳೋದು, ಏಳೋದು, ಮತ್ತ ಬೀಳೋದು, ಅದೇ ಆತು. ಲಕ್ಷಗಟ್ಟಲೆ ಕ್ಯಾಸೆಟ್ ಹಂಗೇ ಉಳಿದು, 1983ರಾಗ ನ್ಯೂ ಮೆಕ್ಸಿಕೋದ ಅಲಮೊಗೋರ್ಡೋ ಊರಿನ ಕಸದ ತಿಪ್ಪಿಯಾಗ ಕಂಪನಿ ತನ್ನ ಮಾಲು ಹೂಳಿಸ್ತು, 2014ರ ಏಪ್ರಿಲ್‌ನ್ಯಾಗ ಅದನ್ನ ಅಗೆದು ತೆಗೆದೂ ನೋಡಿದ್ರು. ಈ ಕತಿ ಹೇಳೋವಾಗ ಎಲ್ಲರೂ ಒಂದು ವಿಷಯ ಬಿಟ್ಟು ಬಿಡ್ತಾರ: ಅದೇ ವಾರ್ಶಾ ಅದಕ್ಕ ಮುಂಚೆ ‘ಯಾರ್ಸ್ ರಿವೆಂಜ್’ ಅಂತ ತಿಂಗಳುಗಟ್ಟಲೆ ಕುಂತು ಮಾಡಿದ ಗೇಮ್ ಆ ಅಟಾರಿ ಮಶಿನ್ನಿನ ಒಳ್ಳೊಳ್ಳೆ ಗೇಮಿನಾಗ ಒಂದು. ಅದೇ ಮನುಷ್ಯ, ಅದೇ ಮಶಿನ್ನು. ಟೈಮ್ ಒಂದೇ ಬ್ಯಾರೆ ಇತ್ತು. ನಮ್ಮ ಕಡಿ ಜೂನ್‌ನ್ಯಾಗ ಬಿತ್ತಿದ ತೊಗರಿ ಡಿಸೆಂಬರ್ ಜನವರಿಗೆ ರಾಶಿ ಆಗ್ತದ, ಸಂತಿ ಅಕ್ಟೋಬರ್‌ಗೆ ಅದ ಅಂತ ಅವಾಗೇ ಕೊಯ್ದ್ರ ಕಾಯಿ ಸಿಗ್ತದ, ಬ್ಯಾಳಿ ಸಿಗಲ್ಲ.

ಇದಕ್ಕ ಎದುರು ಇನ್ನೊಂದು ಇಡ್ತೀನಿ. ಜೇಮ್ಸ್ ಬಾಂಡ್‌ದು ‘ಗೋಲ್ಡನ್ ಐ’ ಸಿನಿಮಾ 1995ರ ನವೆಂಬರ್‌ದಾಗ ಬಂತು. ಅದರ ಗೇಮ್ ನಿಂಟೆಂಡೋ 64 ಅನ್ನೋ ಗೇಮ್ ಮಶಿನ್ನಿಗೆ ಬಂದದ್ದು 1997ರ ಆಗಸ್ಟ್‌ದಾಗ, ಅಂದ್ರ ಸಿನಿಮಾ ಬಂದು ಹೋಗಿ ಸುಮಾರು ಎರಡು ವರ್ಷಕ್ಕ. ಆ ತಂಡದಾಗ ಭಾಳ ಮಂದಿಗಿ ಅದೇ ಮೊದಲನೇ ಗೇಮು. ನಾಕು ಮಂದಿ ಒಂದೇ ಟಿವಿ ಮುಂದ ಕುಂತು ಒಬ್ರಿಗೊಬ್ರು ಗುಂಡು ಹೊಡಿಯೋ ಆಟ ಮೊದಲಿನ ಪ್ಲ್ಯಾನಿನಾಗ ಇದ್ದಿಲ್ಲ, ಕಡಿ ಕಡಿ ತಿಂಗಳದಾಗ ಸೇರಿಸಿದ್ರು, ಮಂದಿ ಇವತ್ತಿಗೂ ನೆನಸೋದು ಅದನ್ನೇ. 80 ಲಕ್ಷ ಕಾಪಿ ಹೋತು. ತಾರೀಖಿಗೆ ಕಟ್ಟಿದ್ರ ಆ ನಾಕು ಮಂದಿ ಆಟ ಹುಟ್ತಾನೇ ಇದ್ದಿಲ್ಲ. ಅದಕ್ಕೇ ನಿಮ್ಮ ಮಾವನ ‘ಎಂದೂ’ ಅನ್ನೋ ಶಬ್ದ ನಾ ಒಪ್ಪಲ್ಲ, ಉಳಿದದ್ದು ಒಪ್ತೀನಿ.

ಒಳಗ ಏನಾಗ್ತದ ಅಂತ ನಾ ಕಂಡದ್ದು ಹೇಳ್ತೀನಿ, ಸ್ಟುಡಿಯೋ ಹೆಸರು ಸಿನಿಮಾದ ಹೆಸರು ಬ್ಯಾಡ. ಒಂದು ಸಿನಿಮಾದ್ದು ಮೊಬೈಲ್ ಗೇಮ್ ನಮ್ಮ ಕಡಿ ಬಂದಾಗ ರಿಲೀಸ್‌ಗೆ ಐದು ತಿಂಗಳಿತ್ತು, ಆರಾಮ ಆಗ್ತದ ಅಂದ್ಕೊಂಡ್ವಿ. ಸ್ಕ್ರಿಪ್ಟ್ ಕೊಡಲಿಲ್ಲ, ಗುಟ್ಟು ಹೊರಗ ಹೋಗ್ತದ ಅಂತ. ಒಂದು ಪೇಜಿನ ಕತಿ ಕೊಟ್ರು, ಅದರಾಗ ರೈಲಿನ ಮ್ಯಾಲ ಒಂದು ಫೈಟ್ ಅದ ಅಂತ ಬರೆದಿತ್ತು, ನಾವು ಐದು ವಾರ ಕುಂತು ರೈಲಿನ ಲೆವೆಲ್ ಕಟ್ಟಿದ್ವಿ, ಎಡಿಟಿಂಗ್‌ನ್ಯಾಗ ಆ ಫೈಟೇ ಹೋತು, ಸಿನಿಮಾದಾಗ ಇಲ್ಲದ್ದು ಗೇಮಿನಾಗ ಬ್ಯಾಡ ಅಂದ್ರು, ತೆಗೆದ್ವಿ. ಹೀರೋನ ಮುಖ ಮಾಡಿ ಕಳಿಸಿದ್ವಿ, ಮೂಗು ಸರಿ ಇಲ್ಲ ಅಂತ ವಾಪಸ್, ತಿದ್ದಿ ಕಳಿಸಿದ್ವಿ, ಅವರ ಮ್ಯಾನೇಜರ್ ಹೊರದೇಶದಾಗ ಇದ್ರು, ಹನ್ನೊಂದು ದಿನ ಉತ್ರ ಇಲ್ಲ. ಹಾಡು ಹಾಕ್ತೀವಿ ಅಂದಿದ್ವಿ, ಹಾಡಿನ ಹಕ್ಕು ಆಡಿಯೋ ಕಂಪನಿ ಹಂತ್ಯಾಕ ಇತ್ತು, ಅವರು ಬ್ಯಾರೆ ರೊಕ್ಕ ಕೇಳಿದ್ರು. ಐದು ತಿಂಗಳು ಅಂದದ್ದು ಕಡಿಗಿ ಕೆಲಸಕ್ಕ ಸಿಕ್ಕದ್ದು ಒಂಬತ್ತು ವಾರ. ಒಂಬತ್ತು ಲೆವೆಲ್ ಅಂತ ಮಾತಾಡಿದ್ದು ನಾಕು ಆತು, ನಾಕನೇದು ಕಡಿಮಿ ರ‍್ಯಾಮ್ ಇರೋ ಫೋನಿನಾಗ ಮುಚ್ಕೊಂಡು ಹೋಗ್ತಿತ್ತು, ನನಗ ಗೊತ್ತಿತ್ತು, ಹಂಗೇ ಬಿಟ್ವಿ, ಯಾಕಂದ್ರ ಶುಕ್ರವಾರ ಸಿನಿಮಾ. ಆ ಶುಕ್ರವಾರ ನನಗ ಇವತ್ತಿಗೂ ನೆನಪದ. ಆ ಗೇಮ್ ಮಾಡಿದ ಹುಡುಗ್ರು ದಡ್ಡ್ರು ಇದ್ದಿಲ್ಲ, ಅದನ್ನ ಆಡಿ ಬೈದ ಮಂದಿಗಿ ಅದು ಗೊತ್ತಾಗೋ ದಾರಿ ಇದ್ದಿಲ್ಲ. ಡಿಸ್ಕ್ ಗೇಮಿಗೆ ಇನ್ನೂ ಬಿಗಿ ಇರ್ತಿತ್ತು, ಸೋನಿ ಮೈಕ್ರೋಸಾಫ್ಟ್‌ನವರು ತಮ್ಮ ಮಶಿನ್ನಿಗೆ ಬರೋ ಪ್ರತಿ ಗೇಮೂ ಚೆಕ್ ಮಾಡಿ ಪಾಸ್ ಮಾಡ್ಬೇಕು, ಆಮ್ಯಾಲ ಡಿಸ್ಕ್ ಒತ್ತಬೇಕು, ಅಂಗಡಿಗೆ ಮುಟ್ಟಬೇಕು. ಅದಕ್ಕೇ ರಿಲೀಸ್ ತಾರೀಖು ಅಂದ್ರ ಖರೇ ತಾರೀಖು ಅದಕ್ಕಿಂತ ಎಷ್ಟೋ ವಾರ ಹಿಂದ ಇರ್ತದ.

ತಾರೀಖಿನ ಜತಿಗೆ ಇನ್ನೊಂದು ಕಾರಣ ಅದ, ಇದು ಸ್ವಲ್ಪ ಸೂಕ್ಷ್ಮ. ಶ್ರಾವಣದಾಗ ಗುಡ್ಯಾಗ ಪುರಾಣ ಹಚ್ತಾರ, ಅದೇ ಕತಿ ದೊಡ್ಡಾಟದಾಗ ಕುಣೀತಾರ. ಪುರಾಣದ ಅಯ್ಯನವರು ಹೇಳಿದಂಗೇ ದೊಡ್ಡಾಟದ ಭೀಮ ನಿಂತು ಬರೇ ಹೇಳ್ಕೋತ ಹೋದ್ರ ಮಂದಿ ಎದ್ದು ಹೋಗ್ತಾರ, ಅಲ್ಲಿ ಹೆಜ್ಜಿ ಬೇಕು, ಗತ್ತು ಬೇಕು. ಗೇಮೂ ಹಂಗೇ, ಕಣ್ಣಿಗಿಂತ ಮೊದಲ ಕೈಗಿ ಕೆಲಸ ಬೇಕು. ಸಿನಿಮಾದ ಸೀನ್ ಸೀನ್ ತಂದು ಇಟ್ರ ಅದು ಗೇಮ್ ಆಗಲ್ಲ, ಆ ಹೀರೋ ಆಗೋದು ಕೈಗಿ ಹ್ಯಾಂಗ ಅನಸ್ತದ ಅಂತ ಹುಡುಕಬೇಕು. 2004ರ ‘ಸ್ಪೈಡರ್ ಮ್ಯಾನ್ 2’ ನೋಡ್ರಿ, ಸಿನಿಮಾದ ಜತಿಗೇ ತಾರೀಖಿಗೆ ಸರಿಯಾಗಿ ಬಂದ ಗೇಮು, ಆದ್ರೂ ಹೆಸರು ಮಾಡ್ತು. ಯಾಕಂದ್ರ ಬಲಿ ಬಿಟ್ರ ಅದು ಖರೇನೇ ಒಂದು ಬಿಲ್ಡಿಂಗಿಗೆ ಹತ್ತಬೇಕು, ಗಾಳ್ಯಾಗ ಅಲ್ಲ, ಅಲ್ಲಿಂದ ಜೋಕಾಲಿ ಜೀಕಿದಂಗ ಜೀಕಬೇಕು ಅನ್ನೋದೊಂದನ್ನ ಹಟ ಹಿಡಿದು ಮಾಡಿದ್ರು, ಉಳಿದದ್ದೆಲ್ಲಾ ಸಾಧಾರಣ ಇತ್ತು. ಆದ್ರ ನಮ್ಮ ಕಡಿ ಭಾಳ ಮಂದಿ ಆಡಿದ್ದು ಅದಲ್ಲ, ಪಿಸಿಗೆ ಅದೇ ಹೆಸರಿನಾಗ ಬಂದ ಬ್ಯಾರೆ ಗೇಮು, ಬ್ಯಾರೆ ಸ್ಟುಡಿಯೋ ಮಾಡಿದ್ದು, ಸಣ್ಣ ಮಕ್ಕಳಿಗಂತ ಸರಳ ಮಾಡಿದ್ದು, ಕಂಬ ತೋರಿಸಿದಲ್ಲೇ ಬಲಿ ಹತ್ತೋದು. ಊರು ಇನ್ನಾ ಗುಲ್ಬರ್ಗ ಅನಿಸ್ಕೋತಿದ್ದಾಗ ಸೈಬರ್ ಕೆಫೆಯಾಗ ತಾಸಿಗೆ ಇಷ್ಟಂತ ಕೊಟ್ಟು ನಾ ಆಡಿದ್ದೂ ಅದೇ. ನಿಮ್ಮ ಮಾವ ಕಂಪ್ಯೂಟರ್ ಅಂಗಡ್ಯಾಗ ನೋಡಿದ್ದು ಇಂಥವೇ ಇರ್ಬೇಕು, ಹಂಗಾಗಿ ಅವರ ಸಿಟ್ಟು ನನಗ ಅರ್ಥ ಆಗ್ತದ.

ಹಂಗಾದ್ರ ಸಿನಿಮಾ ಬಂದಾಗೊಮ್ಮೆ ಗೇಮ್ ಬರೋದು ನಿಂತದ್ದು ಯಾಕ? ಪಿಎಸ್2 ಕಾಲದಾಗ ಸಣ್ಣ ತಂಡ ಒಂದು ಒಂದೂವರೆ ವರ್ಷದಾಗ ಗೇಮ್ ಮಾಡಿ ಬಿಡ್ತಿತ್ತು, ಸಿನಿಮಾ ಮಾಡೋಕೂ ಅಷ್ಟೇ ಟೈಮ್, ಹೆಂಗೋ ಜತಿಗೆ ಓಡ್ತಿದ್ವು. ಪಿಎಸ್3 ಬಂದ ಮ್ಯಾಲ ಚಿತ್ರ ಎಷ್ಟು ಸ್ಪಷ್ಟ ಬೇಕಾತು ಅಂದ್ರ ನೂರಾರು ಮಂದಿ ಮೂರು ನಾಕು ವರ್ಷ ಕುಂತ್ರೆ ಒಂದು ದೊಡ್ಡ ಗೇಮು, ಸಿನಿಮಾ ಅಷ್ಟು ದಿನ ಕಾಯಲ್ಲ. ಮಕ್ಕಳ ಸಿನಿಮಾದ ಗೇಮ್ ಸಾಲಾಗಿ ತರ್ತಿದ್ದ ಟಿಎಚ್‌ಕ್ಯು ಅನ್ನೋ ದೊಡ್ಡ ಕಂಪನಿ 2012ರ ಡಿಸೆಂಬರ್‌ದಾಗ ದಿವಾಳಿ ಅರ್ಜಿ ಹಾಕ್ತು, ಅದಕ್ಕ ಇನ್ನಾ ಬ್ಯಾರೆ ಕಾರಣನೂ ಇದ್ವು. ಅಷ್ಟೊತ್ತಿಗೆ ಅಗ್ಗದ ಗೇಮೆಲ್ಲಾ ಫೋನಿಗೆ ಹೋಗಿದ್ವು.

ಆವಾಗ ಕೆಲವರು ಬ್ಯಾರೆ ದಾರಿ ಹಿಡಿದ್ರು. ಪಾತ್ರದ ಹಕ್ಕು ತಗೊಂಡ್ರು, ತಾರೀಖು ಬಿಟ್ರು. 2009ರಾಗ ‘ಬ್ಯಾಟ್‌ಮ್ಯಾನ್: ಅರ್ಕಮ್ ಅಸೈಲಮ್’ ಬಂತು, ಯಾವ ಸಿನಿಮಾದ್ದೂ ಅಲ್ಲ ಅದು, ಬ್ಯಾಟ್‌ಮ್ಯಾನ್ ಆಗೋದಂದ್ರ ಕತ್ತಲಾಗ ಮ್ಯಾಲಿಂದ ಬಂದು ಹೆದರಸೋದು ಅಂತ ಅಷ್ಟೇ ಹಿಡ್ಕೊಂಡು ಕಟ್ಯಾರ. 2014ರ ‘ಏಲಿಯನ್: ಐಸೊಲೇಶನ್’ 1979ರ ಸಿನಿಮಾದ ಹೆದರಿಕಿ ತಗೊಂಡು ಮೂವತ್ತೈದು ವರ್ಷಕ್ಕ ಬಂತು. 2018ರ ‘ಸ್ಪೈಡರ್ ಮ್ಯಾನ್’ ನಿಮ್ಮ ಪಿಎಸ್4ದಾಗ ಆಡಿದ್ರ ಗೊತ್ತಿರ್ತದ, ಅದರ ಕತಿ ಯಾವ ಸಿನಿಮಾದ್ದೂ ಅಲ್ಲ. 2024ರ ಡಿಸೆಂಬರ್‌ಗೆ ಬಂದ ‘ಇಂಡಿಯಾನಾ ಜೋನ್ಸ್’ ಗೇಮೂ ಹಂಗೇ. ಆದ್ರ ಇಲ್ಲಿ ಒಂದು ಮಾತು ಖರೇ ಹೇಳ್ಬೇಕು, ತಾರೀಖು ಬಿಟ್ಟ ಕೂಡ್ಲೇ ಗೇಮ್ ಛಲೋ ಆಗ್ತದ ಅಂತನೂ ಇಲ್ಲ. ಅದೇ ಏಲಿಯನ್ ಹೆಸರಿನಾಗ 2013ರಾಗ ‘ಕಲೋನಿಯಲ್ ಮರೀನ್ಸ್’ ಬಂತು, ವರ್ಷಗಟ್ಟಲೆ ಕೈಯಾಗ ಇತ್ತು, ಕೆಲಸ ಸ್ಟುಡಿಯೋದಿಂದ ಸ್ಟುಡಿಯೋಕ್ಕ ಹಂಚಿ ಹೋತು, ಬಂದಾಗ ವೈರಿ ಪ್ರಾಣಿಗಳು ಗೋಡಿಗೆ ಮುಖ ಹಚ್ಚಿ ನಿಲ್ತಿದ್ವು. ವರ್ಷಗಟ್ಟಲೆ ಆದ ಮ್ಯಾಲ ಯಾರೋ ಅದರ ಫೈಲ್ ತೆಗೆದು ನೋಡಿದ್ರ ‘ಟೆದರ್’ ಅನ್ನೋ ಶಬ್ದದ ಸ್ಪೆಲ್ಲಿಂಗ್‌ನ್ಯಾಗ ಒಂದು ಅಕ್ಷರ ಹೆಚ್ಚಾಗಿತ್ತು, ಅದನ್ನ ತೆಗೆದ ಮ್ಯಾಲ ಪ್ರಾಣಿಗಳ ನಡಿಗಿ ಸುಧಾರಿಸ್ತು. ಟೆಸ್ಟರ್ ಆಗಿದ್ದವನಿಗಿ ಇದು ಓದಿದ್ರ ಹೊಟ್ಟ್ಯಾಗ ಸಂಕಟ ಆಗ್ತದ್ರಿ. ಟೈಮ್ ಬೇಕು, ಅದರ ಜತಿಗೆ ಕಡಿತನಕ ಒಬ್ಬರ ಕೈಯೂ ಅದರ ಮ್ಯಾಲ ಇರ್ಬೇಕು.

ಈಗ ತಮ್ಮನ ಮಾರಿಯೋ. ಅವ ಹೇಳೋದು ಮಾರಿಯೋ ಗೇಮಿಂದ ಮಾಡಿದ 2023ರ ಕಾರ್ಟೂನ್ ಸಿನಿಮಾ, ಜಗತ್ತಿನಾಗ 136 ಕೋಟಿ ಡಾಲರ್ ಮಾಡ್ಯದ, ಅದು ಖರೇ. ಆದ್ರ ಅದೇ ಮಾರಿಯೋಂದು 1993ರಾಗ ಒಂದು ಸಿನಿಮಾ ಬಂದಿತ್ತು, ಖರ್ಚು 4 ಕೋಟಿ ಡಾಲರಿಗಿ ಮ್ಯಾಲ, ಅಮೆರಿಕದಾಗ ವಸೂಲಾದದ್ದು ಬರೇ 2 ಕೋಟಿ ಚಿಲ್ಲರೆ. ಸ್ಕ್ರಿಪ್ಟ್ ಮ್ಯಾಲಿಂದ ಮ್ಯಾಲ ಬದಲಿ ಮಾಡಿದ್ರು, ಗೇಮಿನಾಗಿನ ಹಸಿರು ಗುಡ್ಡ ನೀಲಿ ಆಕಾಶ ಯಾವುದೂ ಇಲ್ಲ, ಕತ್ತಲ ಕತ್ತಲ ಒಂದು ಊರು. ಗೇಮ್ ಮಾಡಿದ ನಿಂಟೆಂಡೋ ಆವಾಗ ಹೆಸರು ಕೊಟ್ಟು ದೂರ ನಿಂತಿತ್ತು, 2023ರದ್ದಕ್ಕ ಮಾರಿಯೋನ ಹುಟ್ಟಿಸಿದ ಮಿಯಾಮೊಟೋ ಅವರೇ ನಿರ್ಮಾಪಕರಾಗಿ ಕುಂತಿದ್ರು. ಇಷ್ಟೇ ಫರಕು, ಆದ್ರ ಭಾಳ ದೊಡ್ಡ ಫರಕು.

ಗೇಮಿನ ಸಿನಿಮಾ ಈಗ ಯಾಕ ಸುಧಾರಿಸ್ತು ಅಂದ್ರ ಗ್ರಾಫಿಕ್ಸ್ ಛಲೋ ಆಗ್ಯದ ಅದಕ್ಕ ಅಂತಾರ ಎಲ್ಲರೂ. ಇದು ಸುಳ್ಳ. 2001ರಾಗೇ ‘ಫೈನಲ್ ಫ್ಯಾಂಟಸಿ’ ಹೆಸರಿನ ಸಿನಿಮಾ ಪೂರ್ತಿ ಕಂಪ್ಯೂಟರ್‌ದಾಗ ಮಾಡಿದ್ರು, ಒಂದೊಂದು ಕೂದಲ ಎಣಿಸಂಗ ಮಾಡಿದ್ರು, 13.7 ಕೋಟಿ ಡಾಲರ್ ಹಾಕಿ 8.5 ಕೋಟಿ ಬಂತು. ಗೇಮ್ ಆಡಿದವರು ಹೋಗಿ ನೋಡಿದ್ರ ಅದರಾಗ ತಮಗ ಗೊತ್ತಿರೋ ಒಂದು ಪಾತ್ರನೂ ಇದ್ದಿಲ್ಲ. 1994ರ ‘ಸ್ಟ್ರೀಟ್ ಫೈಟರ್’ ಸಿನಿಮಾದ ಕತಿ ಇನ್ನೂ ವಿಚಿತ್ರ, ಗೇಮಿನಿಂದ ಸಿನಿಮಾ ಮಾಡಿದ್ರು, ಮರುವರ್ಷ ಆ ಸಿನಿಮಾದ್ದು ಮತ್ತ ಒಂದು ಗೇಮ್ ಮಾಡಿದ್ರು. 2000ದ ದಶಕದಾಗ ಊವೆ ಬೋಲ್ ಅನ್ನೋ ಡೈರೆಕ್ಟರ್ ಸಾಲು ಸಾಲು ಗೇಮಿನ ಸಿನಿಮಾ ಮಾಡಿದ, ಒಂದೂ ಛಲೋ ಇದ್ದಿಲ್ಲ, ಮತ್ತ ರೊಕ್ಕ ಹ್ಯಾಂಗ ಹುಟ್ತಿತ್ತು ಅಂದ್ರ ಜರ್ಮನಿಯಾಗ ಸಿನಿಮಾಕ್ಕ ಹಾಕಿದ ರೊಕ್ಕಕ್ಕ ತೆರಿಗಿ ಮಾಫಿ ಇತ್ತು, ಹಾಕಿದವರಿಗಿ ಸಿನಿಮಾ ಓಡಿದ್ರೂ ಅಷ್ಟೇ ಬಿದ್ರೂ ಅಷ್ಟೇ. ಆ ಕಾಲದಾಗ ಗೇಮ್ ಅಂದ್ರ ಸಿನಿಮಾದವರಿಗಿ ಒಂದು ಹೆಸರು ಮಾತ್ರ, ಪೋಸ್ಟರ್ ಮ್ಯಾಲ ಹಚ್ಚೋಕ.

ಈಗ ಡೈರೆಕ್ಟರ್ ಕುರ್ಚಿಗಿ ಬಂದವರು ಸಣ್ಣವರಿದ್ದಾಗ ಗೇಮ್ ಆಡಿ ಬೆಳೆದವರು, ಅವರಿಗಿ ಅದರಾಗ ಏನು ಮುಟ್ಟಬಾರದು, ಏನು ಬದಲಿ ಮಾಡ್ಬಹುದು ಅಂತ ಗೊತ್ತದ. 2023ರ ‘ದಿ ಲಾಸ್ಟ್ ಆಫ್ ಅಸ್’ ಸೀರೀಸ್‌ನ್ಯಾಗ ಗೇಮ್ ಬರೆದ ನೀಲ್ ಡ್ರಕ್‌ಮನ್ನೇ ಬರೆಯೋಕ ಕುಂತಿದ್ದ, ಒಂಬತ್ತು ಕಂತು ಸಿಕ್ತು, ಎರಡು ತಾಸಿನಾಗ ತುರುಕೋದು ತಪ್ತು. ಅದರ ಮೂರನೇ ಕಂತು ಗೇಮಿನಾಗ ಇದ್ದಂಗ ಇಲ್ಲೇ ಇಲ್ಲ, ಬಿಲ್ ಅನ್ನೋ ಒಂಟಿ ಮನುಷ್ಯಾಂದು ಬದುಕು ಪೂರ್ತಿ ಬ್ಯಾರೆ ಮಾಡಿ ತೋರಿಸ್ಯಾರ, ಭಾಳ ಮಂದಿಗಿ ಅದೇ ಎಲ್ಲಕಿಂತ ಛಲೋ ಅನಿಸ್ತು. ನನಗೂ. 2024ರ ‘ಫಾಲ್‌ಔಟ್’ ಸೀರೀಸ್‌ದವರು ಗೇಮಿನ ಕತಿ ಮುಟ್ಟಲೇ ಇಲ್ಲ, ಆ ಜಗತ್ತು ಇಟ್ಕೊಂಡು ಹೊಸ ಮಂದಿ ಹೊಸ ಕತಿ ಮಾಡಿದ್ರು. ಇನ್ನು ಗೇಮಿನ ನೀಲಿ ಪ್ರಾಣಿ ‘ಸೋನಿಕ್’ನ ಸಿನಿಮಾ ಬಗ್ಗೆ ನಾ ಎಲ್ಲಾ ಹೊಸ ಹುಡುಗ್ರಿಗೂ ಹೇಳ್ತೀನಿ: 2019ರ ಏಪ್ರಿಲ್ ಕಡಿಗಿ ಟ್ರೇಲರ್ ಬಂತು, ಮನುಷ್ಯಾರ ಹಲ್ಲು ಇಟ್ಟ ಆ ಮುಖ ನೋಡಿ ಮಂದಿ ಗದ್ದಲ ಎಬ್ಬಿಸಿದ್ರು, ಅವರು ನವೆಂಬರ್‌ದಾಗ ಬರೋ ಸಿನಿಮಾ 2020ರ ಫೆಬ್ರವರಿಗೆ ಮುಂದ ಹಾಕಿ, ಸೋನಿಕ್‌ನ ಕಾಮಿಕ್ಸು ಕಾರ್ಟೂನು ಮಾಡಿದ್ದ ಚಿತ್ರಕಾರನ ಕರೆಸಿ ಮುಖ ತಿದ್ದಿದ್ರು. ಮೂರು ತಿಂಗಳು ಕಾದ್ರು, ಒಂದರ ಬದಲಿ ಮೂರು ಸಿನಿಮಾ ಓಡಿದ್ವು. ಅದೇ 2024ರಾಗ ‘ಬಾರ್ಡರ್‌ಲ್ಯಾಂಡ್ಸ್’ 11 ಕೋಟಿ ಡಾಲರಿಗಿ ಮ್ಯಾಲ ಹಾಕಿ ಸುಮಾರು 3.3 ಕೋಟಿ ತಗೊಂಡು ಮಲಗ್ತು, ದೊಡ್ಡ ದೊಡ್ಡ ನಟರಿದ್ರು, ಶೂಟಿಂಗ್ ಮುಗಿದು ಮೂರು ವರ್ಷ ಟೈಮೂ ಇತ್ತು, ನಡುವ ಮತ್ತ ಶೂಟ್ ಮಾಡೋಕ ಬ್ಯಾರೆ ಡೈರೆಕ್ಟರ್‌ನ ಕರೆಸಿದ್ರು. ಅದಕ್ಕೇ ಕಾಲ ಬದಲಾಗ್ಯದ ಅನ್ನೋದೊಂದನ್ನೇ ನಂಬಿ ರೊಕ್ಕ ಹಾಕಬ್ಯಾಡ ಅಂತ ನಿಮ್ಮ ತಮ್ಮಗ ಹೇಳ್ರಿ.

ತಮ್ಮ ಅಂದ ಕೂಡ್ಲೇ ನೆನಪಾತು. ನಾವೆಲ್ಲಾ ಕಂಪ್ಯೂಟರ್ ಕ್ಲಾಸಿನಾಗ ಕದ್ದು ಆಡಿದ ‘ಪ್ರಿನ್ಸ್ ಆಫ್ ಪರ್ಶಿಯಾ’ ಅದ ಅಲ್ಲ, 1989ರದ್ದು, ಅದನ್ನ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟಿ ಹಾಕಿಸಿ ಓಡಸಿ ಜಿಗಿಸಿ ವಿಡಿಯೋ ಹಿಡಿದು, ಒಂದೊಂದು ಫ್ರೇಮ್ ನೋಡಿ ಆ ರಾಜಕುಮಾರನ ನಡಿಗಿ ತೆಗೆದ. ಕತ್ತಿ ಜಗಳ ತಗೊಂಡದ್ದು 1938ರ ರಾಬಿನ್‌ಹುಡ್ ಸಿನಿಮಾದಿಂದ. ಸಿನಿಮಾದಿಂದ ಗೇಮ್ ಕಲಿಯೋದು ಅಂದ್ರ ಇದು, ಹೆಸರು ಹಚ್ಚೋದಲ್ಲ.

ಈಗ ನಿಮ್ಮ ಎರಡೂವರೆ ಲಕ್ಷ. ನಮ್ಮ ದೇಶದಾಗ ಈ ಕೆಲಸ ಆಗಿಲ್ಲಂತಲ್ಲ. 2008ರಾಗ ಹೈದರಾಬಾದಿನ ಸ್ಟುಡಿಯೋ ಒಂದು ‘ಗಜಿನಿ’ ಹಿಂದಿ ಸಿನಿಮಾದ್ದು ಪಿಸಿ ಗೇಮ್ ಮಾಡ್ತು, 2013ರ ‘ಧೂಮ್ 3’ದ ಮೊಬೈಲ್ ಗೇಮ್ ನಮ್ಮ ಉಡುಪಿಯ 99ಗೇಮ್ಸ್‌ನವರು ಮಾಡಿದ್ದು, ‘ಬಾಹುಬಲಿ’ದ್ದು ಬೆಂಗಳೂರಿನ ಮೂನ್‌ಫ್ರಾಗ್‌ನವರು ಮಾಡಿದ್ದು. ಉಡುಪಿಯವರದ್ದು ಕೋಟಿಗಟ್ಟಲೆ ಡೌನ್‌ಲೋಡ್ ಆತು, ಅದು ಏನಿತ್ತು ಅಂದ್ರ ಬೈಕ್ ಮ್ಯಾಲ ಓಡಿಸ್ಕೋತ ತಪ್ಪಿಸ್ಕೋತ ಹೋಗೋದು, ಅಷ್ಟೇ. ಕೈಯಾಗಿದ್ದ ಟೈಮಿಗೆ ಸರಿಹೋಗೋ ಅಷ್ಟೇ ದೊಡ್ಡ ಆಟ ಆರಿಸ್ಕೊಂಡ್ರು, ಹಿಂದ ಅನುಭವ ಇರೋ ತಂಡ ಇತ್ತು, ಮುಂದ ದೇಶ ಎಲ್ಲಾ ನೋಡೋ ಸಿನಿಮಾ ಇತ್ತು. ನಿಮ್ಮ ಹಂತ್ಯಾಕ ಮೂರರಾಗ ಮೊದಲನೇದು ಮಾತ್ರ ಆಗೋ ಹಂಗ ಅದ.

ನಾಕು ತಿಂಗಳಂದ್ರ ಲೆಕ್ಕ ಹಾಕ್ರಿ. ಪ್ಲೇ ಸ್ಟೋರ್‌ನ್ಯಾಗ ಅಕೌಂಟಿಗೆ 25 ಡಾಲರ್ ಒಮ್ಮೆ ಕಟ್ಟೋದು, ಅದು ದೊಡ್ಡದಲ್ಲ, ಆದ್ರ ಹೊಸದಾಗಿ ತೆಗೆದ ವೈಯಕ್ತಿಕ ಅಕೌಂಟಿಗೆ ಕನಿಷ್ಠ 12 ಮಂದಿ 14 ದಿನ ಬಿಡದೆ ಟೆಸ್ಟ್ ಮಾಡ್ಬೇಕು ಅಂತ ಗೂಗಲ್ ನಿಯಮ ಅದ, ಆಮ್ಯಾಲ ರಿವ್ಯೂ. ಅದಕ್ಕ ಒಂದು ತಿಂಗಳು ತೆಗೀರಿ. ಮುಖ, ಹೆಸರು, ಪೋಸ್ಟರ್ ಒಪ್ಪಿಗಿಗೆ ಇನ್ನೊಂದು ತಿಂಗಳು ಹೋಗೇ ಹೋಗ್ತದ. ಉಳೀತು ಎಂಟು ವಾರ, ಒಬ್ಬ ಹುಡುಗ. ಎಂಟು ವಾರದಾಗ ಒಂದೇ ಬೆರಳಿನಾಗ ಆಡೋ ಒಂದೇ ಆಟ ಆಗ್ತದ, ಫೈಟು ಕತಿ ಲೆವೆಲ್ಲು ಅಂತ ಹೊಂಟ್ರ ಆಗಲ್ಲ.

ರೊಕ್ಕದ ಮಾತಿನಾಗ ನಾ ನಿಷ್ಠುರ ಹೇಳ್ತೀನಿ, ಅವರು ಹೇಳಿದಂಗ ಒಪ್ಕೋಬ್ಯಾಡ್ರಿ. ಆ ಗೇಮಿನಿಂದ ಪ್ರಚಾರ ಆಗೋದು ಅವರ ಸಿನಿಮಾಕ್ಕ, ಅಪಾಯ ಪೂರ್ತಿ ನಿಮ್ಮ ಮ್ಯಾಲ. ಸಿನಿಮಾ ಮುಂದ ಹೋತು ಅಂದ್ರ, ಸಣ್ಣ ಸಿನಿಮಾ ಮುಂದ ಹೋಗೋದು ಭಾಳ ಸಹಜ, ಗೇಮ್ ಕೈಯಾಗ ಹಿಡ್ಕೊಂಡು ಕುಂದರ್ಬೇಕು. ಬಂದು ಒಂದೇ ವಾರಕ್ಕ ಥೇಟರಿನಿಂದ ಹೋದ್ರ ಆ ಹೆಸರಿನ ಗೇಮ್ ಯಾರು ಹುಡುಕ್ತಾರ? ಫ್ರೀ ಗೇಮಿನಾಗ ಲಾಭ ಬರೋದು ಜಾಹೀರಾತಿನಿಂದ, ಅದಕ್ಕ ಮಂದಿ ದಿನಾ ಬಂದು ಆಡ್ಬೇಕು, ಒಮ್ಮೆ ಡೌನ್‌ಲೋಡ್ ಮಾಡಿ ಅಳಿಸಿದ್ರ ಏನೂ ಇಲ್ಲ. ಲಾಭದಾಗ ಅರ್ಧ ಅನ್ನೋದು ಕೇಳೋಕ ಛಲೋ ಅದ, ಲಾಭ ಅಂದ್ರ ಯಾವ ಖರ್ಚು ಕಳೆದು ಅಂತ ಬರೀದಿದ್ರ ಅದಕ್ಕ ಅರ್ಥ ಇಲ್ಲ.

ಇದರ ಬದಲಿ ಅವರಿಗಿ ನೀವೇ ಹೇಳಬಹುದು, ಪ್ರಚಾರಕ್ಕ ಪೋಸ್ಟರ್‌ಗೆ ರೊಕ್ಕ ಕೊಡ್ತೀರಲ್ಲ, ಹಂಗ ಗೇಮಿಗೂ ಕೊಡ್ರಿ, ನನ್ನ ತಮ್ಮ ಎಂಟು ವಾರಕ್ಕ ಇಷ್ಟು ತಗೊಂಡು ಸಣ್ಣದೊಂದು ಮಾಡಿ ಕೊಡ್ತಾನ, ಮೂರು ಕಂತಿನಾಗ ಕೊಡ್ರಿ ಅಂತ. ಒಪ್ಪಿದ್ರ ಅವನಿಗಿ ಅನುಭವ, ಕೈಯಾಗ ಸ್ವಲ್ಪ ರೊಕ್ಕ, ಹೆಸರು. ಇಲ್ಲೂ ಅಪಾಯ ಅದ, ಕಡಿ ಕಂತು ಸಿಗದೆ ಹೋಗಬಹುದು, ಹಂಗಾಗಿ ಪೂರ್ತಿ ಗೇಮಿನ ಸೋರ್ಸ್, ಅಂದ್ರ ಗೇಮ್ ಕಟ್ಟಿದ ಮೂಲ ಫೈಲು, ಕಡಿ ಕಂತು ಬಂದ ಮ್ಯಾಲೇ ಕೊಡೋದು. ಯಾವ ದಾರಿ ಹಿಡಿದ್ರೂ ಬರವಣಿಗಿಯಾಗ ತಗೊಳ್ರಿ: ಸಿನಿಮಾದ ಗೇಮ್ ಹಕ್ಕು ಅವರ ಹಂತ್ಯಾಕೇ ಅದನೋ ಇಲ್ಲ ಈಗಾಗ್ಲೇ ಯಾರಿಗರೆ ಮಾರ‍್ಯಾರೋ, ಹೀರೋನ ಮುಖ ಹಾಕೋಕ ಹೀರೋನ ಸಹಿ ಅದನೋ, ಹಾಡು ಆಡಿಯೋ ಕಂಪನಿದೋ ಅವರದೋ, ಗೇಮ್ ಎಷ್ಟು ವರ್ಷ ಸ್ಟೋರಿನಾಗ ಇಡಬಹುದು. ಪರಿಚಯದವರು, ಕಾಗದ ಕೇಳಿದ್ರ ತಪ್ಪು ತಿಳ್ಕೋತಾರ ಅಂತ ಸುಮ್ನ ಇರಬ್ಯಾಡ್ರಿ. ಹಕ್ಕು ಸರಿ ಇಲ್ಲ ಅಂತ ಯಾರರೆ ದೂರು ಕೊಟ್ರ ಸ್ಟೋರಿನಿಂದ ತೆಗೀತಾರ, ಅಕೌಂಟ್ ತಮ್ಮನ ಹೆಸರಿಲೇ ಇದ್ರ ಅದಕ್ಕೇ ಪೆಟ್ಟು, ಮುಂದಿನ ಗೇಮಿಗೂ ಕಷ್ಟ.

ಇನ್ನೊಂದು ದಾರಿ, ನನ್ನ ಮನಸ್ಸಿಗಿ ಹತ್ತಿರದ್ದು, ಅವನೇ ತನ್ನದೇ ಒಂದು ಗೇಮ್ ಮಾಡೋದು, ಹೆಸರೂ ತನ್ನದೇ, ತಾರೀಖೂ ತನ್ನದೇ. ಎರಡೂವರೆ ಲಕ್ಷದಾಗ ಐವತ್ತು ಅರವತ್ತು ಸಾವಿರ ಇಟ್ಟು ಒಂದು ವರ್ಷ ಪುರಸತ್ತು ಕೊಡ್ರಿ. ರೊಕ್ಕ ಬರದೇ ಹೋಗಬಹುದು, ಮೊದಲನೇ ಗೇಮಿಗೆ ಭಾಳ ಸಲ ಬರಲ್ಲ, ಅದು ತಿಳ್ಕೊಂಡೇ ಇಳೀಬೇಕು, ಮನ್ಯಾಗ ಅವನ ದುಡಿಮಿ ಮ್ಯಾಲ ಯಾರರೆ ನಿಂತಿದ್ರ ನೌಕರಿ ಹಿಡಿದು ರಾತ್ರಿ ಮಾಡ್ಲಿ. ಆದ್ರ ಮುಗಿಸಿದ ಒಂದು ಗೇಮ್ ಕೈಯಾಗ ಇದ್ದಂವಗ ಬೆಂಗಳೂರಾಗ ಹೈದರಾಬಾದಾಗ ಇಂಟರ್ವ್ಯೂ ಬಾಗಿಲು ತೆಗೀತದ, ಇದನ್ನ ನಾ ಹುಡುಗ್ರನ್ನ ತಗೊಳ್ಳೋ ಕಡಿ ಕುಂತು ಕಂಡೀನಿ.

ನಿಮ್ಮ ಅಂಗಡಿದು ಬ್ಯಾರೆ ವಿಷಯ. ಹುಡುಗ್ರಿಗಿ ಹತ್ತು ನಿಮಿಷಕ್ಕ ಬ್ಯಾಸರ ಬಂದದ್ದು ಗೇಮ್ ಕೆಟ್ಟದ್ದಕ್ಕೇ ಅಂತ ತಿಳೀಬ್ಯಾಡ್ರಿ. ತಾಸಿನ ಲೆಕ್ಕದಾಗ ಆಡೋ ಅಂಗಡ್ಯಾಗ ಕತಿ ಗೇಮ್ ಓಡಲ್ಲ, ಮೊದಲ ಇಪ್ಪತ್ತು ನಿಮಿಷ ಕಲಿಸೋದ್ರಾಗೇ ಹೋಗ್ತದ, ಇವತ್ತು ಒಬ್ಬ ಆಡಿ ಬಿಟ್ಟದ್ದು ನಾಳಿ ಇನ್ನೊಬ್ಬ ಅಳಿಸ್ತಾನ. ಸಿನಿಮಾದ ಹೀರೋನೇ ಬೇಕು ಅನ್ನೋವರಿಗಿ ಇಬ್ಬರು ಒಂದೇ ಟಿವಿಯಾಗ ಆಡೋ ‘ಲೆಗೋ’ ಸಾಲಿನ ಮಾರ್ವೆಲ್, ಸ್ಟಾರ್ ವಾರ್ಸ್ ಗೇಮ್ ಇಡ್ರಿ, ಯಾರು ಯಾವಾಗ ಕಂಟ್ರೋಲರ್ ಹಿಡಿದ್ರೂ ನಡುವೇ ಸೇರ್ಕೋಬಹುದು. ಬ್ಯಾಟ್‌ಮ್ಯಾನ್ ಸೂಪರ್‌ಮ್ಯಾನ್ ಹೊಡೆದಾಡೋ ‘ಇನ್‌ಜಸ್ಟಿಸ್ 2’ ಅಂಗಡಿಗೆ ಹೇಳಿ ಮಾಡಿಸಿದಂಗ ಅದ, ಒಂದು ಜಗಳ ಎರಡು ಮೂರು ನಿಮಿಷ. ಸ್ಪೈಡರ್ ಮ್ಯಾನ್ ಒಬ್ಬನೇ ಆಡೋದು, ಆದ್ರೂ ಊರಾಗ ಸುಮ್ನ ಜೀಕೋಕಂತ ಮಂದಿ ಕೇಳ್ತಾರ, ಮೊದಲ ಭಾಗ ನೀವೇ ಆಡಿ ದಾಟಿಸಿ ಒಂದು ಸೇವ್ ಇಟ್ಟು ಬಿಡ್ರಿ.

ಆನ್‌ಲೈನ್ ಸ್ಟೋರಿನಾಗ ಕೊಳ್ಳೋವಾಗ ಒಂದು ಗೊತ್ತಿರ್ಲಿ, ಹಕ್ಕಿನ ಅವಧಿ ಮುಗಿದ್ರ ಸಿನಿಮಾದ ಗೇಮ್ ಸ್ಟೋರಿನಿಂದಲೇ ಮಾಯ ಆಗ್ತಾವ. ‘ಸ್ಕಾಟ್ ಪಿಲ್ಗ್ರಿಮ್’ ಗೇಮ್ 2014ರ ಕಡಿಗಿ ಹೋದದ್ದು ಮತ್ತ ಬಂದದ್ದು 2021ರಾಗ. ಡಿಸ್ಕ್ ಇದ್ರ ಡಿಸ್ಕ್ ತಗೊಳ್ರಿ, ಬ್ಯಾಸರ ಬಂದ್ರ ಮಾರೋಕೂ ಬರ್ತದ.

ತಮ್ಮಗ ಇಷ್ಟು ಹೇಳ್ರಿ: ಸಿನಿಮಾದ ಹೆಸರು, ಮುಖ, ಹಾಡು ಏನೂ ಬ್ಯಾಡ, ಬರೇ ಚೌಕ ಗುಂಡು ಇಟ್ಕೊಂಡು ಹದಿನೈದು ದಿನದಾಗ ಒಂದು ನಿಮಿಷದ ಆಟ ಮಾಡ್ಲಿ. ನಿಮ್ಮ ಅಂಗಡಿಗೆ ದಿನಾ ಬರೋ ಹುಡುಗ್ರ ಕೈಯಾಗ ಫೋನ್ ಕೊಟ್ಟು ಏನೂ ಹೇಳದೆ ದೂರ ನಿಂತು ನೋಡ್ರಿ, ಎರಡನೇ ಸಲ ತಾವೇ ಶುರು ಮಾಡ್ತಾರೋ ಫೋನ್ ವಾಪಸ್ ಕೊಡ್ತಾರೋ ಅಂತ. ತಾವೇ ಮತ್ತ ಶುರು ಮಾಡಿದ್ರ ಸಿನಿಮಾದವರ ಮುಂದ ಅದನ್ನ ಇಟ್ಟು ಕಂತಿನ ಮಾತು ಎತ್ರಿ. ಅವರು ಕಾಗದ ಕೊಟ್ರ ಸಹಿ ಮಾಡೋಕಿಂತ ಮೊದಲ ನನಗೊಂದು ಕಾಪಿ ಕಳಿಸ್ರಿ, ಕೂತು ಓದಿ ಹೇಳ್ತೀನಿ.